ಹುಲ್ಲಿನ ನಡುವಿನ ಕಿಂಡಿ

ಬಣ್ಣದ ಚಿತ್ರವನ್ನು ಒಂದೇ ಏಟಿಗೆ ಅಚ್ಚು ಹಾಕುವ ಯಂತ್ರ ಇನ್ನೂ ಹುಟ್ಟಿರದ ಕಾಲ ಅದು. ಕೆಳಗಿನ ಮನೆಯಲ್ಲಿ ಗಂಡಸರು ತಾಮ್ರದ ತಗಡಿಗೆ ಮಸಿ ಬಳಿದು, ಹಾಳೆ ಒತ್ತಿ, ಬರಿಯ ಕಪ್ಪು ಗೆರೆಗಳ ಚಿತ್ರ ತೆಗೆಯುತ್ತಿದ್ದರು. ಒಣಗಿದ ಹಾಳೆಗಳು ಕಿರುಗುಟ್ಟುವ ಮರದ ಮೆಟ್ಟಿಲು ಹತ್ತಿ ಮೇಲಿನ ಬಣ್ಣದ ಕೋಣೆಗೆ ಬರುತ್ತಿದ್ದವು. ಅಲ್ಲಿ ಒಂದು ಉದ್ದನೆಯ ಮೇಜು. ಅದರ ಒಂದೇ ಬದಿಗೆ, ಕಿಟಕಿಗೆ ಮುಖ ಮಾಡಿ ಸಾಲಾಗಿ ಕೂತ ಹೆಂಗಸರು. ಒಬ್ಬೊಬ್ಬಳಿಗೆ ಒಂದೊಂದೇ ಬಣ್ಣ. ಈ ತುದಿಯ ಆಕಾಶದಜ್ಜಿ ನೀಲಿ ಬಳಿದು ಹಾಳೆಯನ್ನು ಪಕ್ಕಕ್ಕೆ ಸರಿಸಿದರೆ ಮುಂದಿನವಳು ಹಕ್ಕಿಯ ಮೈಗೆ ಕಂದು ತುಂಬಬೇಕು, ಅವಳ ಪಕ್ಕದವಳು ಕಾಲಿಗೆ ಕೆಂಪು, ಆಮೇಲಿನವಳು ಹುಲ್ಲಿಗೆ ಹಸಿರು. ಹೀಗೆ ಸರಿಯುತ್ತ ಸರಿಯುತ್ತ ಹಾಳೆ ಆ ತುದಿ ಮುಟ್ಟಿದಾಗ, ಅಲ್ಲಿ ಕೂತವಳು ಕೂದಲೆಳೆಯಂಥ ಕುಂಚವನ್ನು ಮಸಿಗೆ ತಾಗಿಸಿ ಹಕ್ಕಿಗೆ ಕಣ್ಣಿಡುತ್ತಿದ್ದಳು.

ಅವಳನ್ನು ಎಲ್ಲರೂ ಕಣ್ಣಕ್ಕ ಎನ್ನುತ್ತಿದ್ದರು.

ಕಣ್ಣು ಬೀಳುವ ತನಕ ಅದು ಬಣ್ಣ ಕುಡಿದ ಕಾಗದ. ಒಂದು ಕಪ್ಪು ಚುಕ್ಕೆ ಇಟ್ಟು, ಅದರೊಳಗೆ ಸಾಸಿವೆಗಿಂತ ಸಣ್ಣ ಬಿಳಿಯನ್ನು ಹಾಗೇ ಉಳಿಸಬೇಕು. ಆ ಬಿಳಿ ಉಳಿಯಿತೋ, ಹಕ್ಕಿ ತಲೆಯೆತ್ತಿ ನಮ್ಮನ್ನು ನೋಡುತ್ತದೆ. ಕೈ ನಡುಗಿ ಬಿಳಿ ಮುಚ್ಚಿತೋ, ಅದು ಬೇಟೆಗಾರನ ಚೀಲದಲ್ಲಿರುವ ಹಕ್ಕಿ. ಕಣ್ಣಕ್ಕನ ಕೈ ನಡುಗಿದ್ದನ್ನು ಆ ಕೋಣೆ ಕಂಡಿರಲಿಲ್ಲ.

ಆ ವರ್ಷಗಳಲ್ಲಿ ಆ ಮೇಜಿನ ಮೇಲೆ ಒಂದೇ ಚಿತ್ರ, ಕಾಡಿನ ಗೌಜಲಹಕ್ಕಿಗಳದ್ದು. ಎದೆಯುಬ್ಬಿಸಿ ನಿಂತ ಗಂಡು, ಕಾಳು ಹೆಕ್ಕುತ್ತಿರುವ ಹೆಣ್ಣು, ಹಿಂದೆ ಹುಲ್ಲಿನಲ್ಲಿ ಅವಿತು ಕೂತ ಮೂರನೆಯದೊಂದು. ಬೇಟೆಯ ಹುಚ್ಚಿನ ದೊಡ್ಡ ಮನೆಯವರು ಊಟದ ಕೋಣೆಯಲ್ಲಿ ತೂಗುಹಾಕಲು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಹಕ್ಕಿಗಿಂತ ಹೆಚ್ಚಾಗಿ ಅವರ ಕಣ್ಣು ಸೆಳೆಯುತ್ತಿದ್ದುದು ಆ ಹುಲ್ಲಿನ ಹಸಿರು. ಮಳೆ ನಿಂತ ಮರುಗಳಿಗೆಯ ಹೊಲದ ಹಾಗೆ, ಮಬ್ಬು ಕೋಣೆಯಲ್ಲಿಟ್ಟರೂ ತಾನೇ ಬೆಳಗುವಂಥ ಹಸಿರು.

ಎದುರಿನ ಎರಡು ಕಿಟಕಿಗಳ ನಡುವೆ, ಗೋಡೆಯ ಮೇಲೆ, ಮಾದರಿ ಹಾಳೆ ತೂಗುತ್ತಿತ್ತು. ಆ ಕೋಣೆಗೆ ಅದೇ ಕಾನೂನು. ಗೆರೆ ನೋಡಬೇಡಿ, ಬುದ್ಧಿ ಓಡಿಸಬೇಡಿ, ಮಾದರಿ ನೋಡಿ ಎನ್ನುವುದು ಯಜಮಾನರ ಮಾತು. "ಅದರ ಮೇಲೊಂದು ನೊಣ ಕೂತು ಹೇತ್ರೂ ಸರಿ, ಆ ಚುಕ್ಕೆ ಎಲ್ಲಾ ಹಾಳೆಲೂ ಬರಬೇಕು," ಎಂದು ಆಕಾಶದಜ್ಜಿ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಚಿತ್ರ ಮೊದಲು ಬಂದಾಗ ಯಾರು ಯಾವ ಬಣ್ಣಕ್ಕೆ ಕೂತಿದ್ದರೋ ಅವರ ಕೈಯಿಂದಲೇ ಆ ಮಾದರಿ ಆಗಿತ್ತು. ಅದರ ಹುಲ್ಲು ಕಣ್ಣಕ್ಕನ ಅಕ್ಕನದು.

ಅಕ್ಕ ಎಡಚಿ. ಲೋಕದವರೆಲ್ಲ ಬರೆದ ಹುಲ್ಲು ಬಲಕ್ಕೆ ಬಾಗಿದರೆ ಅವಳದು ಎಡಕ್ಕೆ ಬಾಗುತ್ತಿತ್ತು, ಗಾಳಿಯೇ ಎದುರು ದಿಕ್ಕಿನಿಂದ ಬೀಸಿದಂತೆ. ಮೂರನೆಯ ಹಕ್ಕಿಯ ಮುಖದ ಮುಂದೆ ಎರಡು ಎಸಳುಗಳ ನಡುವೆ ಅವಳು ಒಂದಿಷ್ಟೇ ಜಾಗ ಬಿಡುತ್ತಿದ್ದಳು. ಆ ಸಂದಿಯಲ್ಲಿ ತಂಗಿ ಕಣ್ಣಿಡಬೇಕು. ಅದು ಅಕ್ಕತಂಗಿಯರ ಆಟ.

"ನಿನಗೊಂದು ಕಿಂಡಿ ಬಿಟ್ಟಿದ್ದೀನಿ ನೋಡೇ," ಎಂದು ಅಕ್ಕ ಹಾಳೆ ಸರಿಸುತ್ತಿದ್ದಳು. "ಇಣುಕೋಕೆ ಸಾಕಾ?"

"ಇದೇನು ಕಿಂಡಿನೋ, ಸೂಜಿ ಕಣ್ಣೋ? ಸ್ವಲ್ಪ ಧಾರಾಳ ಕೈ ಇಟ್ಕೋ, ತವರಿಗೆ ಬಂದ ತಂಗಿ ನಾನು."

"ತವರಂತೆ! ದಿನಾ ನನ್ನ ಪಕ್ಕದಲ್ಲೇ ಕೂತು ನನ್ನ ಬುತ್ತಿನೇ ತಿಂತೀಯ."

ಕುಂಚದ ಮೊನೆ ಚೂಪಾಗಬೇಕಾದರೆ ತುಟಿಗೆ ತಾಗಲೇಬೇಕು. ಅದ್ದು, ತುಟಿಗಿಡು, ಎಳೆ. ಆ ಮೇಜಿನಲ್ಲಿ ಕೂತ ಯಾರನ್ನೂ ಕುಂಚ ಚೀಪಬೇಡ ಎಂದರೆ ಉಸಿರಾಡಬೇಡ ಎಂದಂತೆ. ಆಕಾಶದಜ್ಜಿಯ ತುಟಿ ಸದಾ ನೀಲಿ. ಕಣ್ಣಕ್ಕನ ನಾಲಿಗೆ ಮಸಿ ತಿಂದು ತಿಂದು ಕಪ್ಪು. "ಕರಿನಾಲಿಗೆಯವಳು, ಅವಳ ಬಾಯಿಗೆ ಸಿಗಬೇಡ್ರೇ, ಅಂದಿದ್ದು ಆಗಿಬಿಡತ್ತೆ," ಎಂದು ಹೆಂಗಸರು ನಗುತ್ತಿದ್ದರು. ಅಕ್ಕ ಮಾತ್ರ ಒಂದು ಎಸಳಿಗೆ ಎರಡು ಸಲ ತುಟಿಗಿಡುತ್ತಿದ್ದಳು. ಚಪ್, ಚಪ್. ಆಮೇಲೆ ಎಡಕ್ಕೆ ಒಂದು ಎಳೆತ.

ಬರಬರುತ್ತ ಅಕ್ಕನ ಬಾಯಿಯ ಮೂಲೆಗಳು ಒಡೆದವು. ಉಗುರಿನ ಸುತ್ತ ಹುಣ್ಣಾಯಿತು. ಏನು ತಿಂದರೂ ರುಚಿಯಿಲ್ಲ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬಾಚಣಿಗೆಯ ತುಂಬ ಕೂದಲು ಬಂದಾಗ ಅವಳೇ ಅದನ್ನು ಉಂಡೆ ಮಾಡಿ, "ಇನ್ನೊಂದಿಷ್ಟು ದಿನ ತಡಿ, ಇದರಲ್ಲೇ ಕುಂಚ ಕಟ್ಕೊಬಹುದು," ಎಂದಿದ್ದಳು. ಎದೆ ದುರ್ಬಲ ಎಂದು ವೈದ್ಯ ಹೇಳಿದ. ಒಂದು ಸಂಜೆ ಕಣ್ಣಕ್ಕ ಬಾಯಿತಪ್ಪಿ, "ಹೀಗೇ ಆದ್ರೆ ನೀನು ಉಳಿಯಲ್ಲ ಕಣೇ," ಎಂದುಬಿಟ್ಟಳು. ಅಕ್ಕ ಉಳಿಯಲಿಲ್ಲ. ಅಂದಿನಿಂದ ಕಣ್ಣಕ್ಕ ಯಾರ ಆರೋಗ್ಯದ ವಿಷಯಕ್ಕೂ ಬಾಯಿ ತೆರೆಯದಾದಳು. ತಮಾಷೆಗೆ ಅಂದ ಕರಿನಾಲಿಗೆ ಅವಳಿಗೆ ನಿಜವಾಗಿಬಿಟ್ಟಿತ್ತು.

ಅಕ್ಕ ಹೋದ ಮೇಲೆ ಹಸಿರಿನ ಜಾಗ ಸ್ವಲ್ಪ ಕಾಲ ಖಾಲಿಯಿತ್ತು. ಬೇರೆಯವರು ಸರದಿಯ ಮೇಲೆ ಎದ್ದು ಬಂದು ಹುಲ್ಲು ಮುಗಿಸಿ ಹೋಗುತ್ತಿದ್ದರು. ಯಾರೂ ಕೂತಿರದ ಹೊತ್ತಿನಲ್ಲಿ, ಮಧ್ಯಾಹ್ನದ ಬೆಳಕು ಬೆಂಚಿನ ಮೇಲೆ ಚೌಕಟ್ಟಾಗಿ ಬಿದ್ದಾಗ, ಕಣ್ಣಕ್ಕನ ಪಕ್ಕದಲ್ಲಿ ಸದ್ದಾಗುತ್ತಿತ್ತು. ಚಪ್, ಚಪ್. ಅವಳು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಎಲ್ಲಿ ಇಲ್ಲವಾಗುತ್ತದೋ ಎಂಬ ಭಯ. ಬೆಂಚಿನಲ್ಲಿ ಒಂಚೂರು ಸರಿದು ಜಾಗ ಮಾಡಿ, ಕೆಲಸ ಮುಂದುವರಿಸುತ್ತಿದ್ದಳು.

ಆಮೇಲೆ ಆ ಜಾಗಕ್ಕೆ ಅಕ್ಕನ ಮಗಳು ಬಂದಳು.

ಹುಡುಗಿಗೆ ಅಪ್ಪ ಮೊದಲೇ ಇರಲಿಲ್ಲ. ಗಾಡಿ ರಿಪೇರಿಯವನ ಹಿತ್ತಲಿನ ಒಂದೇ ಕೋಣೆಯಲ್ಲಿ ಅಮ್ಮ, ಚಿಕ್ಕಮ್ಮ ಇಬ್ಬರ ನಡುವೆ ಬೆಳೆದವಳು. ಈಗ ಮದುವೆಯ ವಯಸ್ಸು. ಅಮ್ಮನ ಬಟ್ಟಲು, ಅಮ್ಮನ ಕುಂಚ ತನಗೇ ಬೇಕೆಂದು ಹಟ ಹಿಡಿದು ಕೂತಳು. ಅವಳಿಗೆ ಎಡಗೈ ಬರುತ್ತಿರಲಿಲ್ಲ. ಅದಕ್ಕೆಂದು ಹಾಳೆಯನ್ನು ಅಡ್ಡ ತಿರುಗಿಸಿಟ್ಟುಕೊಂಡು, ಮಾದರಿಯನ್ನು ಕಣ್ಣಲ್ಲೇ ನುಂಗುವಂತೆ ನೋಡಿ, ಬಲಗೈಯಿಂದಲೇ ಎಡಕ್ಕೆ ಬಾಗುವ ಹುಲ್ಲು ಬರೆಯುವುದನ್ನು ಕಲಿತಳು. ಮೊದಲ ಹಾಳೆ ಕಣ್ಣಕ್ಕನ ಮುಂದೆ ಸರಿದು ಬಂದಾಗ ಅವಳ ಕುಂಚ ಮಸಿಯಲ್ಲೇ ಉಳಿಯಿತು. ಅದೇ ಗಾಳಿ, ಅದೇ ಬಾಗು, ಅದೇ ಕಿಂಡಿ.

"ಥೇಟ್ ಅಮ್ಮನ ಕೈಯೇ!" ಎಂದು ಆಕಾಶದಜ್ಜಿ ಆ ತುದಿಯಿಂದ ಎದ್ದು ಬಂದು ನೋಡಿದಳು. "ಸತ್ತವಳು ಎದ್ದು ಬಂದು ಬರೆದ್ಲು ಅಂತೀನಿ ನಾನು."

ಹುಡುಗಿಯ ಮುಖ ಅರಳಿತು. ಅವಳು ಕುಂಚವನ್ನು ಬಟ್ಟಲಿಗೆ ಅದ್ದಿ ತುಟಿಗಿಟ್ಟಳು. ಚಪ್, ಚಪ್. ಆ ಎರಡನೆಯ ಚಪ್ಪನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಕಣ್ಣಕ್ಕನಿಗೆ ಅವತ್ತಿನಿಂದ ಪಕ್ಕದಲ್ಲಿರುವವಳು ಯಾರೆಂದು ಗೊಂದಲವಾಗತೊಡಗಿತು. ಸದ್ದು ಕೇಳಿದರೆ ಅಕ್ಕ. ತಿರುಗಿದರೆ ಹುಡುಗಿ. ಮೂರನೆಯ ಹಕ್ಕಿಗೆ ಕಣ್ಣಿಟ್ಟು ಹಾಳೆ ಎತ್ತಿದರೆ, ಹುಲ್ಲಿನ ಹಿಂದಿನಿಂದ ಯಾರೋ ಏನನ್ನೋ ಹೇಳಲು ಕಾದು ಕೂತಂತಿರುತ್ತಿತ್ತು.

ಅದು ಹೇಳಿದ್ದು ಹೀಗೆ.

ಕೋಣೆಯ ಮೂಲೆಯಲ್ಲಿ ಕೆಟ್ಟ ಹಾಳೆಗಳನ್ನು ತುಂಬುವ ಅಗಲವಾದ ಮರದ ಖಾನೆಯೊಂದಿತ್ತು. ಬಣ್ಣ ಚೆಲ್ಲಿದ್ದು, ಗೆರೆ ದಾಟಿದ್ದು, ಎಲ್ಲ ಅಲ್ಲಿಗೇ. ಒಂದು ದಿನ ಮೇಜು ಒರೆಸಲು ಹಳೆಯ ಕಾಗದ ಬೇಕಾಗಿ ಕಣ್ಣಕ್ಕ ಆ ಖಾನೆಯ ತಳಕ್ಕೆ ಕೈಹಾಕಿದಳು. ಅಕ್ಕನ ಕಾಲದ ಹಾಳೆಗಳು. ಕಾಗದಕ್ಕೆ ಗಂಜಿ ಹಚ್ಚಿರುತ್ತಾರಲ್ಲ, ಇಲಿಗೂ ಹುಳಕ್ಕೂ ಅದು ಹಬ್ಬದೂಟ. ಮೇಲಿನ ಹಾಳೆಯಲ್ಲಿ ಆಕಾಶವೇ ಇರಲಿಲ್ಲ, ತಿಂದುಹಾಕಿದ್ದವು. ಗಂಡುಹಕ್ಕಿಯ ಎದೆಯಿಲ್ಲ, ಹೆಣ್ಣಿನ ತಲೆಯಿಲ್ಲ. ಹುಲ್ಲು ಮಾತ್ರ ಎಸಳೆಸಳಾಗಿ ನಿಂತಿತ್ತು.

ಅವಳು ಇನ್ನೊಂದು ಹಾಳೆ ತೆಗೆದಳು. ಅದರಲ್ಲೂ ಹಾಗೇ. ಮತ್ತೊಂದರಲ್ಲೂ. ಹಕ್ಕಿಗಳೆಲ್ಲ ಎಲ್ಲೋ ಹೋಗಿ, ಬರಿಯ ಹುಲ್ಲುಗಾವಲು ಉಳಿದಿತ್ತು. ಹಲ್ಲಿನ ಗುರುತು ಹಸಿರಿನ ಅಂಚಿನವರೆಗೆ ಬಂದು ಅಲ್ಲೇ ನಿಂತಿತ್ತು. ಒಂದೇ ಒಂದು ಹಾಳೆಯಲ್ಲಿ ಯಾವುದೋ ಇಲಿ ಅಂಚು ದಾಟಿ ಎರಡು ಎಸಳು ಕಡಿದಿತ್ತು. ಆ ಇಲಿ ಅಲ್ಲೇ, ಹಾಳೆಯ ಕೆಳಗೆ, ಒಣಗಿ ಚಪ್ಪಟೆಯಾಗಿ ಬಿದ್ದಿತ್ತು.

ಕಣ್ಣಕ್ಕ ಖಾನೆ ಮುಚ್ಚಿ ತನ್ನ ಜಾಗಕ್ಕೆ ಬಂದು ಕೂತಳು. ಪಕ್ಕದಲ್ಲಿ ಚಪ್, ಚಪ್. ಈ ಸಲ ತಿರುಗಿ ನೋಡಿದಳು. ಹುಡುಗಿಯ ತುಟಿಯ ಮೂಲೆ ಒಡೆದಿತ್ತು.

"ಏನೇ ಅದು ಬಾಯಲ್ಲಿ?"

"ಚಳಿಗೆ ಚಿಕ್ಕಮ್ಮ."

"ಕೈ ತೋರಿಸು."

ಹುಡುಗಿ ಬೆರಳು ಮಡಚಿಕೊಂಡಳು. "ಏನಿಲ್ಲಪ್ಪ, ಉಗುರು ಸುತ್ತು. ನೀನು ಹಾಗೆ ನೋಡಬೇಡ, ನಂಗೆ ಭಯ ಆಗತ್ತೆ. ಹಕ್ಕಿಗೆ ಕಣ್ಣಿಡೋ ಹಾಗೆ ನೋಡ್ತೀಯ."

ಹೇಳಬೇಕೆಂದರೆ ಕಣ್ಣಕ್ಕನ ನಾಲಿಗೆ ಏಳಲಿಲ್ಲ. ಈ ನಾಲಿಗೆಯಿಂದ ಆ ಮಾತು ಹೊರಬಿದ್ದರೆ ಅದೇ ನಿಜವಾದರೆ? ಕಡೆಗೆ ಸಾವಿನ ಮಾತನ್ನು ಬದಿಗಿಟ್ಟು, "ಕುಂಚ ಬಾಯಿಗಿಡಬೇಡ, ಬಟ್ಟೆಗೆ ಒರೆಸ್ಕೋ," ಎಂದಷ್ಟೇ ಅಂದಳು. ಹುಡುಗಿ ಹೂಂ ಎಂದಳು. ಮಾರನೆಯ ಬೆಳಗಿನವರೆಗೂ ನೆನಪಿಟ್ಟಳು. ಮಧ್ಯಾಹ್ನ ಮಾದರಿಯನ್ನು ನೋಡುತ್ತ ನೋಡುತ್ತ ಮೈಮರೆತಳು, ಕೈ ತಾನಾಗಿ ಮೇಲೆ ಹೋಯಿತು. ಅಂಥ ಕೂದಲಿನಂಥ ಎಸಳಿಗೆ ಬಟ್ಟೆಯಲ್ಲಿ ಮೊನೆ ಬರುವುದೂ ಇಲ್ಲ. ರಾಶಿ ಹುಲ್ಲಿನಲ್ಲಿ ಒಂದೆಸಳು ದಪ್ಪವಾದರೂ ಅವಳಿಗೆ ಕಣ್ಣೀರು. ಅಮ್ಮನದು ಹಾಗಿಲ್ಲವಲ್ಲ.

ಹಾಗಾಗಿ ಕಣ್ಣಕ್ಕ ಯಜಮಾನರ ಬಳಿ ಹೋದಳು. ಯಜಮಾನರು ಕೆಳಗೆ ಬಾಗಿಲ ಹತ್ತಿರ ಬೇಟೆಯ ಮುದುಕನೊಬ್ಬನಿಗೆ ಚಿತ್ರ ತೋರಿಸುತ್ತಿದ್ದರು. ಆ ಮುದುಕ ಚಿತ್ರವನ್ನು ಹೊಗಳುತ್ತಲೇ ಕಾಲೆಳೆಯುತ್ತಿದ್ದ.

"ಹಕ್ಕಿ ಚೆನ್ನಾಗಿದೆ ಸ್ವಾಮಿ. ಆದ್ರೆ ಇಷ್ಟು ಹಸಿರಲ್ಲಿ ಗೌಜಲಹಕ್ಕಿ ಹೊಡೆದವನು ಯಾರಿದಾನೆ? ನಾವು ಬೇಟೆಗೆ ಹೋಗೋದು ಕುಯಿಲಾದ ಮೇಲೆ, ಒಣಹುಲ್ಲಲ್ಲಿ. ನಿಮ್ಮ ಚಿತ್ರಗಾರ ಮನೆಯಿಂದ ಹೊರಗೇ ಬಂದಿಲ್ಲ ಅಂತ ಕಾಣತ್ತೆ!"

ಯಜಮಾನರು ಹುಳಿ ಕಚ್ಚಿದವರ ಹಾಗೆ ನಕ್ಕು ಅವನನ್ನು ಕಳಿಸಿಕೊಟ್ಟರು. ಆಮೇಲೆ ಕಣ್ಣಕ್ಕನ ಕಡೆ ತಿರುಗಿದರು.

"ನಿಂದೇನಮ್ಮ?"

"ಯಜಮಾನ್ರೇ, ಆ ಹಸಿರು ಬೇಡ. ಅದನ್ನ ಇಲಿ ಸಹ ತಿಂತಿಲ್ಲ."

"ಇಲಿಗೆ ರುಚಿಯಾಗೋ ಬಣ್ಣ ತರಿಸ್ಬೇಕಾ ನಾನು? ತಿನ್ನದೇ ಇದ್ರೆ ಒಳ್ಳೇದೇ ಅಲ್ವಾ?"

"ನಮ್ಮಕ್ಕ..."

"ನಿಮ್ಮಕ್ಕಂಗೆ ಎದೆ ಸರಿ ಇರಲಿಲ್ಲ. ವೈದ್ಯರೇ ಹೇಳಿದ್ರಲ್ಲ." ಅವರ ದನಿ ಮೆತ್ತಗೇ ಇತ್ತು. "ನೋಡಮ್ಮ, ಮಾದರಿ ಹೇಗಿದೆಯೋ ಹಾಗೆ. ಅದೊಂದನ್ನ ಬಿಟ್ರೆ ಈ ಮನೇಲಿ ಒಬ್ಬೊಬ್ಬರದು ಒಂದೊಂದು ಹಕ್ಕಿ ಆಗತ್ತೆ."

ಮಾದರಿ ಹೇಗಿದೆಯೋ ಹಾಗೆ. ಮೆಟ್ಟಿಲು ಹತ್ತುವಾಗ ಆ ಮಾತು ಅವಳ ಜೊತೆಗೇ ಒಂದೊಂದು ಮೆಟ್ಟಿಲು ಏರಿತು. ಮೇಲೆ ಬಂದು ಮಾದರಿಯನ್ನು ನೋಡಿದಳು. ಅಕ್ಕನ ಬಟ್ಟೆಬರೆ ಯಾರ್ಯಾರಿಗೋ ಹೋಗಿತ್ತು. ತಮ್ಮ ಚಿತ್ರ ಬರೆಸಿಕೊಳ್ಳುವಷ್ಟು ದೊಡ್ಡವರು ಅವರಾಗಿರಲಿಲ್ಲ. ಅವರ ಕಣ್ಣ ಮುಂದೆ ಅಕ್ಕನ ಕೈಯದೆಂದು ಉಳಿದದ್ದು ಗೋಡೆಯ ಮೇಲಿನ ಆ ಒಂದು ಹಿಡಿ ಹುಲ್ಲು. ಹುಡುಗಿಯ ತುಟಿ ಒಡೆಯುತ್ತಿದ್ದುದೂ ಅದನ್ನು ನೋಡಿಕೊಂಡೇ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗಿಳಿದರು. ಕಣ್ಣಕ್ಕ ಹಸಿವಿಲ್ಲವೆಂದು ಉಳಿದಳು. ಗೋಡೆಯಿಂದ ಮಾದರಿಯನ್ನು ಇಳಿಸಿ ಮೇಜಿನ ಮೇಲಿಟ್ಟಳು. ಹಳದಿ ಮಣ್ಣಿನ ಬಣ್ಣಕ್ಕೆ ಅಂಟು ಸೇರಿಸಿ ದಪ್ಪಗೆ ಕಲಸಿಕೊಂಡಳು. ಕೋಣೆಯಲ್ಲಿ ಹೊಗೆಯಿಲ್ಲದ ಬಿಳಿಯ ಬೆಳಕು. ಬೀದಿಯಲ್ಲಿ ಒಂದು ಕುದುರೆ ನಡೆದುಹೋದ ಸದ್ದು ಕೇಳಿಸಿತು, ದೂರವಾಯಿತು.

ಪಕ್ಕದಲ್ಲಿ ಚಪ್, ಚಪ್.

ಅವಳ ಬೆನ್ನು ತಣ್ಣಗಾಯಿತು. ಹುಡುಗಿ ಕೆಳಗಿದ್ದಾಳೆ, ಅವಳು ನಗುವುದು ಇಲ್ಲಿಗೇ ಕೇಳುತ್ತಿದೆ.

"ಸರಿದು ಕೂತ್ಕೋ ಅಕ್ಕ," ಎಂದಳು ಕಣ್ಣಕ್ಕ, ತಲೆಯೆತ್ತದೆ. "ಬೆಳಕಿಗೆ ಅಡ್ಡ ಬರ್ತಿದೀಯ."

ಮೊದಲ ಎಸಳಿನ ಮೇಲೆ ಮಣ್ಣಿನ ಬಣ್ಣ ಎಳೆದಳು. ಹಸಿರು ಸುಮ್ಮನೆ ಮುಳುಗಲಿಲ್ಲ. ನೀರು ತಾಗಿದ್ದೇ ಕರಗಿ, ಎದ್ದು, ಅವಳ ಕುಂಚಕ್ಕೆ ಹತ್ತಿಕೊಂಡಿತು. ಮೊನೆ ಮೊಂಡಾಯಿತು. ಅವಳು ಕುಂಚವನ್ನು ಎತ್ತಿ ತುಟಿಯ ಹತ್ತಿರ ತಂದಳು.

ಜೀವಮಾನವೆಲ್ಲ ಮಾಡಿದ್ದನ್ನೇ ಕೈ ಮಾಡುತ್ತಿತ್ತು. ಹಸಿರು ಹತ್ತಿದ ಮೊನೆ ಕೆಳತುಟಿಯ ಉಸಿರಿಗೆ ತಾಗುವಷ್ಟು ಹತ್ತಿರ ಬಂದಾಗ ಪಕ್ಕದ ಸದ್ದು ಪಟ್ಟನೆ ನಿಂತುಹೋಯಿತು. ಯಾರೋ ಉಸಿರು ಬಿಗಿಹಿಡಿದಂತೆ. ಕಣ್ಣಕ್ಕ ಕಲ್ಲಿನಂತೆ ಕೂತಳು. ಆಮೇಲೆ ಕುಂಚವನ್ನು ಸೆರಗಿಗೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಒಂದೊಂದೇ ಎಸಳು ಮುಚ್ಚಿದಳು. ಪ್ರತಿಯೊಂದೂ ಎಡಕ್ಕೇ ಬಾಗಿತು, ಅಕ್ಕನ ಎಸಳಿನ ಬೆನ್ನ ಮೇಲೇ ನಡೆದುಹೋಯಿತು. ಕಿಂಡಿಯನ್ನು ಮುಟ್ಟಲಿಲ್ಲ. ಅಲ್ಲಿಂದ ಮೂರನೆಯ ಹಕ್ಕಿ ಅವಳನ್ನೇ ನೋಡುತ್ತಿತ್ತು. ಅದರ ಸುತ್ತ ಮಳೆಗಾಲ ಮುಗಿದು ಹುಲ್ಲು ಒಣಗುತ್ತ ಬಂತು.

ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಯಾವಾಗ ಬಂದಳೋ.

"ಅದು ಅಮ್ಮನ ಕೈ ಚಿಕ್ಕಮ್ಮ!" ಅವಳು ಮೇಜಿನತ್ತ ಓಡಿಬಂದಳು. "ಅಮ್ಮಂದು ಅಂತ ನನ್ನ ಹತ್ರ ಇನ್ನೇನಿತ್ತು? ಯಾಕೆ ಹೀಗ್ ಮಾಡ್ದೆ?"

ಕಣ್ಣಕ್ಕ ಎದ್ದು ಹೋಗಿ ಖಾನೆ ಎಳೆದಳು. ಆಕಾಶ, ಹಕ್ಕಿ ಎರಡೂ ಇಲ್ಲದ ಹಾಳೆಗಳನ್ನು ಹುಡುಗಿಯ ಮುಂದೆ ಹರಡಿದಳು. ಒಣಗಿದ ಇಲಿಯನ್ನೂ ತೋರಿಸಿದಳು. ನುಂಗಿಕೊಂಡಿದ್ದ ಮಾತನ್ನು ಕರಿನಾಲಿಗೆಯಿಂದಲೇ ಆಡಿದಳು.

"ಇದೇ ಬಣ್ಣ ನಿಮ್ಮಮ್ಮನ್ನ ತಿಂದಿದ್ದು. ಈಗ ನಿನ್ನ ತಿಂತಿದೆ. ನಿಮ್ಮಮ್ಮಂದು ಅಂತ ಇರೋದು ನೀನೊಬ್ಬಳೇ ಕಣೇ. ನಿನ್ನನ್ನೂ ಆ ಬಟ್ಟಲಿಗೇ ಹಾಕ್ಲಾ?"

ಹುಡುಗಿ ಹಾಳೆಗಳನ್ನೇ ನೋಡುತ್ತ ನಿಂತಳು.

ಯಜಮಾನರ ಕೂಗು ಬೀದಿಗೆ ಕೇಳಿಸಿತು. ಕೋಣೆಯ ಕಾನೂನನ್ನೇ ಕೆಡಿಸಿದವಳು, ಉಂಡ ಮನೆಗೆ ಎರಡು ಬಗೆದವಳು, ಏನೇನೋ. ಕಣ್ಣಕ್ಕ ಎಲ್ಲಕ್ಕೂ ತಲೆತಗ್ಗಿಸಿ ನಿಂತು, ಅವರು ಉಸಿರೆಳೆದುಕೊಂಡಾಗ, "ಕುಯಿಲಾದ ಮೇಲಿನ ಹುಲ್ಲು ಇದು ಯಜಮಾನ್ರೇ. ಬೇಟೆಯವರು ಕೇಳ್ತಿದ್ದದ್ದು," ಎಂದಳು. ಯಜಮಾನರು ಸಿಟ್ಟಿನಲ್ಲೇ ಮಾದರಿಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಒಣಹುಲ್ಲಿನ ನಡುವೆ ಹಕ್ಕಿಗಳ ಕಂದು ಮೈ ಅರ್ಧ ಕಂಡು ಅರ್ಧ ಕಾಣದೆ, ಈಗ ಹಾರುತ್ತವೇನೋ ಎನ್ನುವಂತಿತ್ತು.

"ಒಬ್ಬನೇ ಒಬ್ಬ ಗಿರಾಕಿ ವಾಪಸ್ ತರಲಿ, ನಿನ್ನ ಜಾಗ ಮೆಟ್ಟಿಲ ಕೆಳಗೆ," ಎಂದು ಮಾದರಿಯನ್ನು ಗೋಡೆಗೆ ಸಿಕ್ಕಿಸಿ ಹೋದರು.

"ಬದುಕಿದೆವು," ಎಂದಳು ಆಕಾಶದಜ್ಜಿ. "ಮಣ್ಣು ತಿಂದು ಯಾರೂ ಸತ್ತಿಲ್ಲ. ನಾನು ಚಿಕ್ಕವಳಿದ್ದಾಗ ಗೋಡೆ ಕೆರೆದೇ ತಿಂತಿದ್ದೆ."

ಗಿರಾಕಿಗಳು ವಾಪಸ್ ತರಲಿಲ್ಲ. ಆದರೆ ಹುಡುಗಿ ಚಿಕ್ಕಮ್ಮನ ಜೊತೆ ಮಾತು ಬಿಟ್ಟಳು. ಒಂದೇ ಕೋಣೆ, ಒಂದೇ ಒಲೆ, ಪಕ್ಕಪಕ್ಕದ ಬೆಂಚು, ಮಾತಿಲ್ಲ. ಕೆಲಸದಲ್ಲಿ ತಪ್ಪು ಹುಡುಕಲು ಆಗದಂತೆ ಹುಲ್ಲು ಬರೆಯುತ್ತಿದ್ದಳು, ಒಂದನ್ನು ಬಿಟ್ಟು. ಕಿಂಡಿಯನ್ನು ಮುಚ್ಚಿಬಿಡುತ್ತಿದ್ದಳು. ಒಂದೇ ಒಂದು ಎಸಳು ಹೆಚ್ಚಿಗೆ, ನೇರ ಮೂರನೆಯ ಹಕ್ಕಿಯ ಮುಖದ ಮೇಲೆ. ಯಜಮಾನರಿಗೆ ಕಾಣದಷ್ಟು ಸಣ್ಣದು, ಕಣ್ಣಕ್ಕನಿಗೆ ಮಾತ್ರ ಚುಚ್ಚುವಂಥದ್ದು. ಕಣ್ಣಿಡಲು ಜಾಗವಿಲ್ಲ. ಹಾಳೆಯ ಮೇಲೆ ಹಾಳೆ, ಕುರುಡು ಹಕ್ಕಿಗಳು. ಅವು ಹುಲ್ಲಿನ ಹಿಂದೆ ಇದ್ದವು, ನೋಡುತ್ತಿರಲಿಲ್ಲ.

ಪಕ್ಕದ ಸದ್ದೂ ನಿಂತಿತ್ತು. ಹುಡುಗಿ ಕುಂಚವನ್ನು ಬಟ್ಟೆಗೆ ಒರೆಸುತ್ತಿದ್ದಳು. ಊಟದ ಹೊತ್ತಿನಲ್ಲಿ ಒಬ್ಬಳೇ ಕೂತು ಕಣ್ಣಕ್ಕ ಕಿವಿಗೊಡುತ್ತಿದ್ದಳು. ಬೆಂಚಿನಲ್ಲಿ ಸರಿದು ಜಾಗ ಮಾಡುತ್ತಿದ್ದಳು. ಏನೂ ಬರುತ್ತಿರಲಿಲ್ಲ. ಇಷ್ಟು ಕಾಲ ಹೆದರಿಸಿದ್ದ ಸದ್ದಿಗಾಗಿ ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಕ್ಕ ಎರಡನೆಯ ಸಲ ಹೋಗಿದ್ದಳು, ಈ ಸಲ ತಂಗಿಯೇ ಕಳಿಸಿದ್ದಳು.

ಹುಡುಗಿಯ ತುಟಿಯ ಗಾಯ ಒಣಗಿ ಕಪ್ಪಾಯಿತು, ಉದುರಿತು. ಒಂದು ಬೆಳಿಗ್ಗೆ ತಲೆ ಬಾಚುವಾಗ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬರೀ ಬಾಚಣಿಗೆ. ಮತ್ತೊಮ್ಮೆ ಬಾಚಿ, ಮತ್ತೆ ನೋಡಿದಳು. ಬಾಗಿಲ ಹತ್ತಿರ ಬುತ್ತಿ ಕಟ್ಟುತ್ತಿದ್ದ ಕಣ್ಣಕ್ಕ ಅದನ್ನು ಕಂಡೂ ಕಾಣದವಳಂತೆ ಇದ್ದಳು.

ಅವತ್ತು ಕೆಲಸಕ್ಕೆ ಕೂತಾಗ ಹುಡುಗಿ ಮೊದಲ ಹಾಳೆಯ ಮೇಲೆ ತುಂಬ ಹೊತ್ತು ಬಾಗಿದ್ದಳು. ಆಕಾಶದಜ್ಜಿ ಆ ತುದಿಯಿಂದ, "ಏನೇ, ಹುಲ್ಲು ಬೆಳೆಸ್ತಿದೀಯೋ ಬರೀತಿದೀಯೋ?" ಎಂದು ಕೂಗಿದರೂ ತಲೆಯೆತ್ತಲಿಲ್ಲ. ಒಮ್ಮೆ ಕುಂಚ ಮೇಲೆ ಹೋಯಿತು, ತುಟಿಯ ಹತ್ತಿರ ತಡೆದು ನಿಂತಿತು, ಬಟ್ಟೆಗೆ ಇಳಿಯಿತು. ಆಮೇಲೆ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

ಎಡಕ್ಕೆ ಬಾಗಿದ ಒಣಹುಲ್ಲು. ಮೂರನೆಯ ಹಕ್ಕಿಯ ಮುಂದೆ, ಎರಡು ಎಸಳುಗಳ ನಡುವೆ, ಒಂದಿಷ್ಟು ಬರಿಯ ಕಾಗದ.

"ಸಾಕಾ ಚಿಕ್ಕಮ್ಮ?" ಎಂದಳು, ಕಿಟಕಿಯ ಕಡೆ ನೋಡುತ್ತ.

ಕಣ್ಣಕ್ಕ ಕುಂಚವನ್ನು ಮಸಿಗೆ ಅದ್ದಿದಳು. ಕೈ ನಡುಗುತ್ತಿತ್ತು. ಬಿಳಿ ಮುಚ್ಚಿಹೋದೀತೆಂದು ಅದನ್ನು ಮೇಜಿನ ಅಂಚಿಗೆ ಒತ್ತಿಹಿಡಿದು, ನಡುಕ ನಿಲ್ಲುವವರೆಗೆ ಕಾದಳು. ಬೆಂಚಿನಲ್ಲಿ ಒಂಚೂರು ಸರಿದಳು, ಹಳೆಯ ಅಭ್ಯಾಸ. ಆ ಜಾಗಕ್ಕೆ ಹುಡುಗಿಯ ಮೊಣಕೈ ಬಂದು ತಾಗಿತು. ಕಣ್ಣಕ್ಕ ಆ ಕಿಂಡಿಯೊಳಗೆ ಕಣ್ಣಿಟ್ಟಳು.